ನೈರೆರೆ: ಇತಿಹಾಸದ ತೀರ್ಪು ಬರೆಯುವವರು ಯಾರು?

1985ರ ನವೆಂಬರ್ 5ರಂದು ಪೂರ್ವ ಆಫ್ರಿಕದ ಟಾಂಜಾನಿಯ ದೇಶದ ಅಧ್ಯಕ್ಷ ಪದವಿಯಿಂದ ಜೂಲಿಯಸ್ ನೈರೆರೆಯವರು ತಾವಾಗಿಯೇ ಇಳಿದರು. ಸೈನ್ಯ ಅವರನ್ನು ಇಳಿಸಲಿಲ್ಲ; ಜನ ದಂಗೆಯೆದ್ದು ಓಡಿಸಲಿಲ್ಲ. ಸುಮಾರು ಇಪ್ಪತ್ತಮೂರು ವರ್ಷ ಅಧ್ಯಕ್ಷರಾಗಿದ್ದು, ಅಲಿ ಹಸನ್ ಮ್ವಿನ್ಯಿಯವರ ಕೈಗೆ ಅಧಿಕಾರವನ್ನೊಪ್ಪಿಸಿ, ತಮ್ಮ ಹುಟ್ಟೂರಾದ ಬುಟಿಯಾಮದ ಹೊಲಗಳ ಕಡೆಗೆ ಮುಖಮಾಡಿದರು. ಆಫ್ರಿಕದಲ್ಲಿ ಅಧ್ಯಕ್ಷರೆನಿಸಿಕೊಂಡವರು ಸಾಯುವವರೆಗೆ ಇಲ್ಲವೆ ಯಾರಾದರೂ ಬಂದೂಕು ತೋರಿಸುವವರೆಗೆ ಕುರ್ಚಿ ಬಿಡದಿದ್ದ ಕಾಲವದು. ಸೆನೆಗಲ್ ದೇಶದ ಸೆಂಘೋರ್ ಅವರಂತೆ ತಾವಾಗಿ ಎದ್ದು ಹೋದವರನ್ನು ಬೆರಳಲ್ಲಿ ಎಣಿಸಬಹುದಾಗಿತ್ತು.

ಅವರು ಹೊರಟ ದಿನ ಆರಂಭವಾದ ವಾದ ಇನ್ನೂ ಮುಗಿದಿಲ್ಲ. ಬಡದೇಶವೊಂದಕ್ಕೆ ಮಾನ ತಂದುಕೊಟ್ಟ ಮಹಾನುಭಾವರೆಂದು ಒಂದು ಪಕ್ಷ. ಒಳ್ಳೆಯ ಮಾತನಾಡುತ್ತ ದೇಶವನ್ನು ದಿವಾಳಿಯೆಬ್ಬಿಸಿದವರೆಂದು ಇನ್ನೊಂದು ಪಕ್ಷ. ಈ ವಾದ ಈಚೆಗೆ ನಮ್ಮ ಕಚೇರಿಯ ಜಗುಲಿಗೂ ಬಂದಿತು. ಮೊದಲನೆಯ ಪಾಳಿ ಮುಗಿಸಿ ಬಂದಿದ್ದ ಗಿರಣಿಯ ಮಿತ್ರರೊಬ್ಬರು, "ಬಡವರ ಮಕ್ಕಳಿಗೆ ಅಕ್ಷರ ಕೊಟ್ಟ ಮನುಷ್ಯ. ಅಂಥವರು ನಮಗೆ ಸಿಕ್ಕಲಿಲ್ಲವಲ್ಲ ಶೆಟ್ಟರೆ" ಎಂದರು. ಎದುರಿಗೆ ಕುಳಿತಿದ್ದ ಕಿರಾಣಿ ಅಂಗಡಿಯ ಮಿತ್ರರು, "ಸಿಕ್ಕಿದ್ದರೆ ನನ್ನ ಅಂಗಡಿಗೆ ಬೀಗ ಬೀಳುತ್ತಿತ್ತಲ್ಲಪ್ಪ" ಎಂದರು. ಇಬ್ಬರೂ ನಮ್ಮ ಪತ್ರಿಕೆಯ ಹಳೆಯ ಓದುಗರು. ಇಬ್ಬರೂ ಹೇಳಿದ್ದು ನಿಜ. ಇಬ್ಬರ ಮಾತನ್ನೂ ಒಟ್ಟಿಗಿಟ್ಟು ನೋಡಬೇಕೆಂದು ಈ ವಾರದ ಅಗ್ರಲೇಖನವನ್ನು ಬರೆಯುತ್ತಿದ್ದೇವೆ.

ಬರೆಯಲು ಇನ್ನೊಂದು ಕಾರಣವೂ ಇದೆ. ನೈರೆರೆಯವರು ತಮ್ಮನ್ನು ಸಮಾಜವಾದಿಯೆಂದು ಕರೆದುಕೊಂಡವರು. ವಿರೋಧಿಗಳ ತಪ್ಪನ್ನು ಎಣಿಸುವುದು ಎಲ್ಲ ಪತ್ರಿಕೆಗಳಿಗೂ ಸುಲಭವಾದ ಕೆಲಸ. ಸಮಾಜವಾದದ ಹೆಸರಿನಲ್ಲಿ ನಡೆದ ತಪ್ಪನ್ನು ಸಮಾಜವಾದಿಗಳೇ ಮೊದಲು ಎಣಿಸದಿದ್ದರೆ ಆ ಕೆಲಸವನ್ನು ಬ್ಯಾಂಕಿನ ಧಣಿಗಳು ಮಾಡುತ್ತಾರೆ. ಅವರ ತಕ್ಕಡಿ ಎತ್ತ ವಾಲುತ್ತದೆಂಬುದು ನಮ್ಮ ಓದುಗರಿಗೆ ಗೊತ್ತಿದೆ.

ಮೊದಲು ಅವರು ಮಾಡಿದ್ದನ್ನು ನೋಡೋಣ. 1961ರ ಡಿಸೆಂಬರ್ 9ರಂದು ಟಾಂಗನ್ಯಿಕ ಸ್ವತಂತ್ರವಾಯಿತು. ನೂರಿಪ್ಪತ್ತಕ್ಕೂ ಹೆಚ್ಚು ಬುಡಕಟ್ಟುಗಳು, ಬೆರಳೆಣಿಕೆಯ ಡಾಕ್ಟರು ಇಂಜಿನಿಯರುಗಳು, ಕತ್ತಾಳೆ ನಾರು, ಹತ್ತಿ, ಕಾಫಿ: ಬ್ರಿಟಿಷರು ಬಿಟ್ಟುಹೋದ ಆಸ್ತಿ ಇಷ್ಟೆ. ನೈರೆರೆಯವರು ಶಾಲೆಯ ಮೇಷ್ಟರಾಗಿದ್ದವರು; ಜನ ಕೊನೆಯವರೆಗೂ ಅವರನ್ನು 'ಮ್ವಾಲಿಮು', ಅಂದರೆ ಮೇಷ್ಟರು, ಎಂದೇ ಕರೆದರು. ಸ್ವಾತಂತ್ರ್ಯ ಬರುವ ಮುನ್ನವೇ, ಚರ್ಮದ ಬಣ್ಣ ನೋಡಿ ಪೌರತ್ವ ಕೊಡಬೇಕೆಂದು ಶಾಸನಸಭೆಯಲ್ಲಿ ತಮ್ಮ ಪಕ್ಷದವರೇ ಕೂಗೆಬ್ಬಿಸಿದಾಗ, ಹಾಗಾದರೆ ತಾವು ರಾಜೀನಾಮೆ ಕೊಡುವುದಾಗಿ ಹೇಳಿ ಅದನ್ನು ತಡೆದರು. ಗುಜರಾತಿ ಮೂಲದ ಅಮೀರ್ ಜಮಾಲ್ ಅವರ ಸಂಪುಟದಲ್ಲಿ ಅನೇಕ ವರ್ಷ ಹಣಕಾಸಿನ ಮಂತ್ರಿಯಾಗಿದ್ದರು. ನೆರೆಯ ಉಗಾಂಡದಲ್ಲಿ ಈದಿ ಅಮೀನ್ 1972ರಲ್ಲಿ ಭಾರತೀಯ ಮೂಲದವರನ್ನೆಲ್ಲ ಉಟ್ಟ ಬಟ್ಟೆಯಲ್ಲಿ ಓಡಿಸಿದುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

1966ರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಡ್ಡಾಯ ರಾಷ್ಟ್ರಸೇವೆ ಬೇಡವೆಂದು ಮೆರವಣಿಗೆ ಬಂದು, ಮಂತ್ರಿಗಳ ಸಂಬಳ ಮಾತ್ರ ದೊಡ್ಡದೇಕೆಂದು ಕೇಳಿದರು. ನೈರೆರೆಯವರು ಕೋಪಗೊಂಡು ನೂರಾರು ವಿದ್ಯಾರ್ಥಿಗಳನ್ನು ಮನೆಗೆ ಕಳಿಸಿದರು; ಆದರೆ ಅದೇ ದಿನಗಳಲ್ಲಿ ತಮ್ಮ ಸಂಬಳವನ್ನೂ ನೂರಕ್ಕೆ ಇಪ್ಪತ್ತರಂತೆ ಇಳಿಸಿಕೊಂಡರು. 1967ರ ಫೆಬ್ರವರಿಯಲ್ಲಿ ಅರೂಶಾ ಘೋಷಣೆ ಹೊರಟಿತು. ಬ್ಯಾಂಕುಗಳು, ದೊಡ್ಡ ಹಿಟ್ಟಿನ ಗಿರಣಿಗಳು, ಆಮದು ರಫ್ತಿನ ದೊಡ್ಡ ಕಂಪನಿಗಳು ರಾಷ್ಟ್ರದ ವಶವಾದವು. ಪಕ್ಷದ ಮತ್ತು ಸರ್ಕಾರದ ಮುಖಂಡರು ಕಂಪನಿಯ ಷೇರು ಇಟ್ಟುಕೊಳ್ಳಬಾರದು, ಎರಡು ಕಡೆ ಸಂಬಳ ಪಡೆಯಬಾರದು, ಮನೆ ಕಟ್ಟಿಸಿ ಬಾಡಿಗೆಗೆ ಕೊಡಬಾರದು ಎಂಬ ಕಟ್ಟುಪಾಡು ಬಂದಿತು. ಇಂಥ ಕಟ್ಟುಪಾಡನ್ನು ನಮ್ಮ ದೇಶದ ಯಾವ ಆಳುವ ಪಕ್ಷ ತನ್ನ ಮೇಲೆ ತಾನೇ ಹಾಕಿಕೊಂಡಿದೆ?

ವಿದ್ಯೆಯ ವಿಷಯ ಇನ್ನೂ ದೊಡ್ಡದು. 1967ರಲ್ಲಿ ಅಲ್ಲಿಯ ವಯಸ್ಕರಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ಓದುಬರಹ ಬರುತ್ತಿರಲಿಲ್ಲ. 1980ರ ದಶಕದ ಆರಂಭಕ್ಕೆ ಆ ಪ್ರಮಾಣ ಐದರಲ್ಲಿ ಒಂದಕ್ಕೆ ಇಳಿಯಿತೆಂದು ಸರ್ಕಾರದ ಲೆಕ್ಕ. ಸರ್ಕಾರದ ಲೆಕ್ಕದಲ್ಲಿ ಸ್ವಲ್ಪ ನೀರು ಸೇರಿರುತ್ತದೆಂದು ತಳ್ಳಿಹಾಕಿದರೂ, ಆಫ್ರಿಕದ ಬಡದೇಶಗಳಲ್ಲಿ ಅಪರೂಪವಾದ ಕೆಲಸವಿದು. ದೇಶಕ್ಕೆಲ್ಲ ಸ್ವಾಹಿಲಿ ಭಾಷೆಯನ್ನು ಒಂದೇ ನಾಲಗೆಯಾಗಿ ಕೊಟ್ಟರು. ತಾವೇ ಷೇಕ್ಸ್‌ಪಿಯರನ ಎರಡು ನಾಟಕಗಳನ್ನು ಸ್ವಾಹಿಲಿಗೆ ತಂದರು. ದಕ್ಷಿಣ ಆಫ್ರಿಕದ, ಮೊಜಾಂಬಿಕಿನ ಸ್ವಾತಂತ್ರ್ಯ ಯೋಧರಿಗೆ ಆಶ್ರಯ ಕೊಟ್ಟರು. ಈದಿ ಅಮೀನನ ಸೈನ್ಯ 1978ರಲ್ಲಿ ಗಡಿ ದಾಟಿ ಬಂದಾಗ ಅದನ್ನು ಹಿಮ್ಮೆಟ್ಟಿಸಿ, 1979ರ ಏಪ್ರಿಲಿನಲ್ಲಿ ಅವನ ರಾಜಧಾನಿಯವರೆಗೂ ಹೋಗಿ ಆ ಪೀಡೆಯನ್ನು ತೊಲಗಿಸಿದರು. ಆ ಯುದ್ಧದ ಖರ್ಚನ್ನು ದೊಡ್ಡ ರಾಷ್ಟ್ರಗಳಾರೂ ತುಂಬಿಕೊಡಲಿಲ್ಲ.

ಇನ್ನು ನಮ್ಮ ಅಂಗಡಿಯ ಮಿತ್ರರ ಮಾತು.

1971ರಲ್ಲಿ, ಒಂದು ಲಕ್ಷ ಶಿಲ್ಲಿಂಗಿಗಿಂತ ಹೆಚ್ಚು ಬೆಲೆಯ ಬಾಡಿಗೆ ಕಟ್ಟಡಗಳನ್ನೆಲ್ಲ ಸರ್ಕಾರ ವಶಪಡಿಸಿಕೊಂಡಿತು. ಅವುಗಳಲ್ಲಿ ಹೆಚ್ಚಿನವು ಭಾರತೀಯ ಮೂಲದವರವು. ಸಾವಿರಾರು ಶಿಲ್ಲಿಂಗು ಬಾಡಿಗೆ ಎಣಿಸುತ್ತಿದ್ದ ದೊಡ್ಡ ಕುಳಗಳ ಬಗ್ಗೆ ನಮಗೆ ಕಣ್ಣೀರಿಲ್ಲ. ಆದರೆ ಮೂರು ತಲೆಮಾರಿನ ಉಳಿತಾಯದಿಂದ ಕೆಳಗೆ ಅಂಗಡಿ ಮೇಲೆ ಮನೆ ಎಂದು ಕಟ್ಟಿಕೊಂಡಿದ್ದವರೂ ಅದೇ ಬಲೆಗೆ ಬಿದ್ದರು. ಕಾನೂನಿನಲ್ಲಿ ಜಾತಿ ಬಣ್ಣದ ಹೆಸರಿರಲಿಲ್ಲ; ಪರಿಣಾಮದಲ್ಲಿ ಇತ್ತು. ಅನೇಕರು ದೇಶ ಬಿಟ್ಟರು. 1976ರಲ್ಲಿ 'ಆಪರೇಷನ್ ಮಡೂಕ' ಎಂಬ ಅಂಗಡಿ ಕಾರ್ಯಾಚರಣೆ ನಡೆಯಿತು. ಹಳ್ಳಿಗಳ ಖಾಸಗಿ ಅಂಗಡಿಗಳನ್ನು ಮುಚ್ಚಿಸಿ ಸಹಕಾರಿ ಅಂಗಡಿ ತೆರೆಯಬೇಕೆಂದು ಅಧಿಕಾರಿಗಳು ಹೊರಟರು. ಬೀಗ ಹಾಕುವುದು ಒಂದು ದಿನದ ಕೆಲಸ. ಉಪ್ಪು, ಸೀಮೆಎಣ್ಣೆ, ಬಟ್ಟೆಯನ್ನು ಊರಿಗೆ ಮುಟ್ಟಿಸುವುದು ದಿನದಿನದ ಕೆಲಸ. ಮೊದಲನೆಯದನ್ನು ಮಾಡಿದವರಿಗೆ ಎರಡನೆಯದು ಬರಲಿಲ್ಲ. ಜನ ಸಾಮಾನಿಲ್ಲದೆ ಪರದಾಡಿದ ಮೇಲೆ ಕಾರ್ಯಾಚರಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. 1983ರಲ್ಲಿ ಮತ್ತೆ 'ಆರ್ಥಿಕ ವಿಧ್ವಂಸಕರು' ಎಂಬ ಹೆಸರಿನಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದು ಒಳಗೆ ಹಾಕಿದರು. ಅವರಲ್ಲಿ ನಿಜವಾದ ಕಾಳಸಂತೆಕೋರರೂ ಇದ್ದರು. ಎರಡು ಮೂಟೆ ಸಕ್ಕರೆ ಇಟ್ಟುಕೊಂಡಿದ್ದ ಬಡಪಾಯಿಗಳೂ ಇದ್ದರು. ಸರಕಿನ ಅಭಾವವಾದಾಗ ಮೊದಲು ಸಿಕ್ಕಿಬೀಳುವವನು ಬೀದಿಗೆ ಬಾಗಿಲು ತೆರೆದು ಕೂತ ಚಿಲ್ಲರೆ ವ್ಯಾಪಾರಿಯೇ ಎಂಬುದು ಎಲ್ಲ ದೇಶಗಳ ಅನುಭವ.

ಹಾಗಾದರೆ ಗಿರಣಿಯ ಕೆಲಸಗಾರ ಸುಖವಾಗಿದ್ದನೆ? ಅದನ್ನೂ ಹೇಳಬೇಕು. ಸ್ವಾತಂತ್ರ್ಯದ ಹೋರಾಟದಲ್ಲಿ ನೈರೆರೆಯವರ ಪಕ್ಷಕ್ಕೆ ಹೆಗಲು ಕೊಟ್ಟದ್ದು ಕಾರ್ಮಿಕ ಸಂಘಗಳ ಒಕ್ಕೂಟ. ಸ್ವಾತಂತ್ರ್ಯ ಬಂದ ಮರುವರ್ಷ, 1962ರಲ್ಲಿಯೇ, ಮುಷ್ಕರ ಹೂಡುವುದನ್ನು ಅಸಾಧ್ಯವೆನ್ನುವಷ್ಟು ಕಷ್ಟಮಾಡುವ ಕಾನೂನು ಬಂದಿತು. ವಿಚಾರಣೆಯಿಲ್ಲದೆ ಬಂಧಿಸುವ ಕಾನೂನೂ ಅದೇ ವರ್ಷದ್ದು. 1964ರ ಜನವರಿಯಲ್ಲಿ ಸೈನ್ಯದ ದಂಗೆಯಾದಾಗ ಅದರ ನೆಪದಲ್ಲಿ ಅನೇಕ ಕಾರ್ಮಿಕ ಮುಖಂಡರನ್ನು ಬಂಧಿಸಿ, ಒಕ್ಕೂಟವನ್ನೇ ವಿಸರ್ಜಿಸಿದರು. ಅದರ ಜಾಗದಲ್ಲಿ ಒಂದೇ ಒಂದು ಸಂಘ. ಅದರ ಪ್ರಧಾನ ಕಾರ್ಯದರ್ಶಿಯನ್ನು ನೇಮಿಸುವವರು ದೇಶದ ಅಧ್ಯಕ್ಷರು. ಮೊದಲು ಆ ಜಾಗದಲ್ಲಿ ಕೂತವರು ಕಾರ್ಮಿಕ ಖಾತೆಯ ಮಂತ್ರಿಗಳೇ! ಕೂಲಿ ಹೆಚ್ಚಿಸಿರೆಂದು ಕೇಳಬೇಕಾದವರೂ ಅವರೇ, ಆಗುವುದಿಲ್ಲವೆಂದು ಹೇಳಬೇಕಾದವರೂ ಅವರೇ.

ಏಳು ವರ್ಷಗಳ ಮೇಲೆ, 1971ರಲ್ಲಿ, ಪಕ್ಷವೇ ಒಂದು ಮಾರ್ಗದರ್ಶಿಯನ್ನು ಹೊರಡಿಸಿತು. ಮುಖಂಡರಾದವರು ದರ್ಪ, ದುಂದು, ದಬ್ಬಾಳಿಕೆ ನಡೆಸಬಾರದೆಂದು ಅದರಲ್ಲಿ ಬರೆದಿತ್ತು. ಗಿರಣಿಗಳ ಜನ ಅದನ್ನು ನಂಬಿದರು. ಕೆಲಸ ನಿಲ್ಲಿಸಿ, ದರ್ಪದ ಮ್ಯಾನೇಜರುಗಳನ್ನು ಗೇಟಿನಿಂದ ಹೊರಗೆ ನಿಲ್ಲಿಸಿದರು. 1973ರಲ್ಲಿ ದಾರ್ ಎಸ್ ಸಲಾಮಿನ ಒಂದು ರಬ್ಬರ್ ಕಾರ್ಖಾನೆಯನ್ನು ಕೆಲಸಗಾರರೇ ವಹಿಸಿಕೊಂಡು ನಡೆಸತೊಡಗಿದರು. ಸ್ವಲ್ಪ ಕಾಲ ಸರ್ಕಾರ ತಲೆದೂಗಿತು. ಬೇರೆಡೆಗಳಲ್ಲಿಯೂ ಹೀಗೆ ಆಗತೊಡಗಿದಾಗ ಪೊಲೀಸರು ಬಂದರು. ಮುಂದಾಳುಗಳು ಕೆಲಸ ಕಳೆದುಕೊಂಡರು. ಪಕ್ಷದ ಪುಸ್ತಕದಲ್ಲಿ ಬರೆದ ಮಾತನ್ನು ಕೆಲಸಗಾರ ಗಟ್ಟಿಯಾಗಿ ಓದಿದ್ದೇ ಅಪರಾಧವಾಯಿತು.

ರೈತನ ಕಥೆ ಎಲ್ಲಕ್ಕಿಂತ ದೊಡ್ಡದು. 'ಉಜಮಾ' ಎಂದರೆ ಒಂದೇ ಮನೆಯವರೆಂಬ ಭಾವ. ಚದುರಿದ ರೈತರು ಒಂದು ಹಳ್ಳಿಯಾಗಿ ಕೂಡಿ, ಒಟ್ಟಿಗೆ ದುಡಿದು, ಶಾಲೆ, ಬಾವಿ, ಆಸ್ಪತ್ರೆಗಳನ್ನು ಪಡೆಯಬೇಕೆಂಬುದು ಅವರ ಕನಸು. ಇದನ್ನು ಬಲಾತ್ಕಾರದಿಂದ ಮಾಡಲಾಗದೆಂದು 1967ರಲ್ಲಿ ಅವರೇ ಬರೆದಿದ್ದರು. 1973ರ ನವೆಂಬರಿನಲ್ಲಿ ಅವರೇ, 1976ರ ಕೊನೆಯೊಳಗೆ ಹಳ್ಳಿಗಾಡಿನ ಜನರೆಲ್ಲ ಹೊಸ ಹಳ್ಳಿಗಳಲ್ಲಿ ಇರತಕ್ಕದ್ದೆಂದು ಆಜ್ಞೆ ಹೊರಡಿಸಿದರು. ಸುಮಾರು 1 ಕೋಟಿ 30 ಲಕ್ಷ ಜನ ಆ ಹಳ್ಳಿಗಳಲ್ಲಿ ಲೆಕ್ಕಕ್ಕೆ ಸಿಕ್ಕರು. ಎಷ್ಟೋ ಕಡೆ ಜನರನ್ನು ಲಾರಿಗಳಲ್ಲಿ ತುಂಬಿ ತಂದು ಬಯಲಿನಲ್ಲಿ ಇಳಿಸಿದರು. ಹಿಂದಕ್ಕೆ ಹೋಗದಿರಲೆಂದು ಹಳೆಯ ಗುಡಿಸಲಿಗೆ ಬೆಂಕಿಯಿಟ್ಟ ಅಧಿಕಾರಿಗಳೂ ಇದ್ದರು. ಬಿತ್ತನೆಯ ಕಾಲದಲ್ಲಿ ಹೊಲ ಒಂದು ಕಡೆ, ಒಕ್ಕಲು ಒಂದು ಕಡೆ. ಮೇಲೆ ಬರಗಾಲವೂ ಬಂದು, ಹೊರಗಿನಿಂದ ಧಾನ್ಯ ತರಿಸಬೇಕಾಯಿತು.

ಇಷ್ಟನ್ನು ಹೇಳಿದ ಕೂಡಲೇ, "ನೋಡಿದಿರಾ, ಸಮಾಜವಾದವೆಂದರೆ ಇದೇ" ಎಂದು ಕೈತಟ್ಟುವ ಪಂಡಿತರಿದ್ದಾರೆ. ಅವರು ನೆನೆಯದ ಸಂಗತಿಗಳೂ ಇವೆ. ಟಾಂಜಾನಿಯದ ಮುಖ್ಯ ಬೆಳೆಯಾದ ಕತ್ತಾಳೆ ನಾರಿಗೆ ನೈಲಾನಿನಂಥ ಕೃತಕ ನಾರು ಪ್ರತಿಸ್ಪರ್ಧಿಯಾಗಿ ಬಂದು ಬೆಲೆ ಕುಸಿಯಿತು. 1964ರಲ್ಲಿ 2 ಲಕ್ಷ ಟನ್ನಿಗೂ ಮೀರಿದ್ದ ಉತ್ಪತ್ತಿ 1980ರ ದಶಕದ ನಡುವೆ 40 ಸಾವಿರ ಟನ್ನಿಗೂ ಕೆಳಗಿಳಿಯಿತು. 1973ರಲ್ಲಿ ಒಮ್ಮೆ, 1979ರಲ್ಲಿ ಇನ್ನೊಮ್ಮೆ ಎಣ್ಣೆಯ ಬೆಲೆ ಏರಿತು. ನಡುವೆ ಬರ, ಮೇಲೆ ಯುದ್ಧ. ಒಂದು ಟ್ರಾಕ್ಟರು ಕೊಳ್ಳಲು ವರ್ಷವರ್ಷಕ್ಕೂ ಹೆಚ್ಚು ಹೆಚ್ಚು ನಾರನ್ನು ಹಡಗಿಗೆ ತುಂಬಬೇಕಾದ ದೇಶವನ್ನು ಯಾವ ಸಿದ್ಧಾಂತವಾದರೂ ಸುಲಭವಾಗಿ ಉದ್ಧಾರ ಮಾಡಲಾರದು. ಅಂತರರಾಷ್ಟ್ರೀಯ ಹಣಕಾಸು ನಿಧಿಯವರು ಸಾಲಕ್ಕೆ ಷರತ್ತು ಹಾಕಲು ಬಂದಾಗ, ಆ ನಿಧಿ ಜಗತ್ತಿಗೆಲ್ಲ ಹಣಕಾಸು ಮಂತ್ರಿಯಾದದ್ದು ಯಾವಾಗ ಎಂದು ನೈರೆರೆಯವರು ಕೇಳಿದ್ದು ನ್ಯಾಯವಾಗಿಯೇ ಇತ್ತು.

ಆದರೂ ಈ ಸಂಗತಿಗಳ ಹಿಂದೆ ನಾವು ಅಡಗಿಕೊಳ್ಳಲಾರೆವು. ಎಣ್ಣೆಯ ಬೆಲೆ ಏರಿಸಿದವರು ನೈರೆರೆಯವರಲ್ಲ. ಗುಡಿಸಲಿಗೆ ಬೆಂಕಿಯಿಟ್ಟವರು ಅವರ ಅಧಿಕಾರಿಗಳೇ. ಚೀನದ ನೆರವಿನಿಂದ 1968ರಲ್ಲಿ ದಾರ್ ಎಸ್ ಸಲಾಮಿನಲ್ಲಿ ತೆರೆದ 'ಉರಾಫಿಕಿ' ಎಂಬ ದೊಡ್ಡ ಬಟ್ಟೆ ಗಿರಣಿಯಿತ್ತು. ಸ್ನೇಹವೆಂಬುದು ಆ ಹೆಸರಿನ ಅರ್ಥ. ನೂಲುವುದು, ನೇಯುವುದು, ಬಣ್ಣ ಹಾಕುವುದು ಎಲ್ಲ ಒಂದೇ ಸೂರಿನಡಿ. ಹತ್ತಿ ಬೆಳೆಯುವ ದೇಶ ತನ್ನ ಬಟ್ಟೆಯನ್ನು ತಾನೇ ನೇಯಬೇಕೆಂಬ ಆ ಯೋಚನೆ ನೂರಕ್ಕೆ ನೂರು ಸರಿ. ಆದರೆ 1980ರ ದಶಕ ಬರುವ ಹೊತ್ತಿಗೆ ಬಿಡಿಭಾಗಕ್ಕೆ ವಿದೇಶಿ ಹಣವಿಲ್ಲ, ಕರೆಂಟು ನೀರಿನ ಭರವಸೆಯಿಲ್ಲ. ದೇಶದ ಕಾರ್ಖಾನೆಗಳು ಅರ್ಧ ಸಾಮರ್ಥ್ಯದಲ್ಲಿಯೂ ಓಡದ ಸ್ಥಿತಿ ಬಂದಿತ್ತು. ಮಗ್ಗ ಯಾಕೆ ನಿಂತಿದೆ ಎಂಬುದು ಮಗ್ಗದ ಮುಂದೆ ನಿಂತವನಿಗೆ ಗೊತ್ತಿರುತ್ತದೆ. ಅದನ್ನು ಮೇಲಿನವರಿಗೆ ಮುಟ್ಟಿಸಬಲ್ಲ ಸ್ವತಂತ್ರ ಸಂಘವೇ ಅಲ್ಲಿರಲಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇಂಥವರನ್ನು ಇತಿಹಾಸ ಹೇಗೆ ಅಳೆಯಬೇಕು? ವ್ಯಾಪಾರಿ ಮಿತ್ರರು ದೀಪಾವಳಿಯಲ್ಲಿ ಮಾಡುವಂತೆ ಜಮಾ ಒಂದು ಕಡೆ ಖರ್ಚು ಒಂದು ಕಡೆ ಬರೆದು, ಕಳೆದು, ಉಳಿದದ್ದನ್ನು ಹೇಳಿಬಿಡುವುದು ರೂಢಿ. ಶಾಲೆಗಳು ಇಷ್ಟು, ಬಂಧನಗಳು ಇಷ್ಟು. ಆದ್ದರಿಂದ ಒಟ್ಟಿನಲ್ಲಿ ಒಳ್ಳೆಯವರು ಅಥವಾ ಕೆಟ್ಟವರು. ಈ ಲೆಕ್ಕ ನಮಗೆ ಒಪ್ಪಿಗೆಯಿಲ್ಲ. ಶಾಲೆ ಕಲಿತ ಹುಡುಗ ಬೇರೆ, ಗುಡಿಸಲು ಸುಟ್ಟುಹೋದ ಮುದುಕಿ ಬೇರೆ. ಒಬ್ಬನ ಖಾತೆಯ ಜಮೆಯನ್ನು ಇನ್ನೊಬ್ಬಳ ಖಾತೆಯ ಬಾಕಿಗೆ ವಜಾ ಹಾಕುವ ಅಧಿಕಾರ ಯಾವ ಗುಮಾಸ್ತನಿಗೂ ಇಲ್ಲ, ಇತಿಹಾಸಕಾರನಿಗೂ ಇಲ್ಲ.

ನಾವು ಕೇಳುವ ಪ್ರಶ್ನೆ ಇದು: ನಾಯಕ ತಪ್ಪಿದಾಗ, ತಪ್ಪಿದೆಯೆಂದು ಹೇಳುವ ದಾರಿಯನ್ನು ಅವನು ತೆರೆದಿಟ್ಟಿದ್ದನೆ, ಮುಚ್ಚಿದ್ದನೆ? ತಪ್ಪುಮಾಡದ ಸರ್ಕಾರ ಇದುವರೆಗೆ ಹುಟ್ಟಿಲ್ಲ. ಆದರೆ ಮೊದಲ ಲಾರಿ ಹೊರಟಾಗಲೇ ರೈತರ ಸಂಘ ಅಡ್ಡ ನಿಲ್ಲಬಲ್ಲ ದೇಶದಲ್ಲಿ ಕೊನೆಯ ಲಾರಿ ಹೊರಡುವುದಿಲ್ಲ.

ಈ ಪ್ರಶ್ನೆಗೆ ನೈರೆರೆಯವರೇ ಅರ್ಧ ಉತ್ತರ ಕೊಟ್ಟಿದ್ದಾರೆಂಬುದು ಅವರ ದೊಡ್ಡತನ. ಅರೂಶಾ ಘೋಷಣೆಗೆ ಹತ್ತು ವರ್ಷವಾದಾಗ, 1977ರಲ್ಲಿ, ದೇಶ ಸಮಾಜವಾದಿಯೂ ಆಗಿಲ್ಲ, ಸ್ವಾವಲಂಬಿಯೂ ಆಗಿಲ್ಲವೆಂದು ತಾವೇ ಬರೆದು ಪ್ರಕಟಿಸಿದರು. ಅಧಿಕಾರ ಬಿಡುವ ಹಿಂದಿನ ವರ್ಷ, 1984ರಲ್ಲಿ, ಮತ್ತೆ ಮೊದಲಿನಿಂದ ಆರಂಭಿಸುವುದಾದರೆ ಎರಡು ಕೆಲಸಗಳನ್ನು ಮಾಡಲಾರೆನೆಂದು ಒಪ್ಪಿಕೊಂಡರು. ಒಂದು, ಸ್ಥಳೀಯ ಸಂಸ್ಥೆಗಳನ್ನು ರದ್ದುಮಾಡಿದ್ದು; ಎರಡು, ಸಹಕಾರ ಸಂಘಗಳನ್ನು ವಿಸರ್ಜಿಸಿದ್ದು. ಸ್ಥಳೀಯ ಸಂಸ್ಥೆಗಳು 1972ರಲ್ಲಿ ಹೋಗಿದ್ದವು. 1933ರಿಂದ ಕಿಲಿಮಂಜಾರೊ ಬೆಟ್ಟದ ಕಾಫಿ ರೈತರು ಕಟ್ಟಿ ಬೆಳೆಸಿದ್ದಂಥ ಸಹಕಾರ ಸಂಘಗಳು 1976ರಲ್ಲಿ ಸರ್ಕಾರದ ಒಂದು ಆಜ್ಞೆಯಿಂದ ಹೋಗಿದ್ದವು. ರೈತ ತನ್ನ ಫಸಲನ್ನು ಸರ್ಕಾರಿ ಮಂಡಲಿಗೆ ಒಪ್ಪಿಸಿ ಹಣಕ್ಕಾಗಿ ಕಾಯುವಂತಾಯಿತು.

ಅವರು ಹೇಳಿದ ಎರಡಕ್ಕೆ ನಾವು ಮೂರನೆಯದೊಂದನ್ನು ಸೇರಿಸುತ್ತೇವೆ: 1964ರಲ್ಲಿ ಮುರಿದ ಕಾರ್ಮಿಕ ಸಂಘಗಳು. ನಾಲ್ಕನೆಯದಾಗಿ, 1965ರಿಂದ ಕಾನೂನಿನಿಂದಲೇ ಒಂದೇ ಪಕ್ಷ ಮಾಡಿದ್ದು. ಆ ಒಂದು ಪಕ್ಷದೊಳಗೆ ಇಬ್ಬರು ಅಭ್ಯರ್ಥಿಗಳನ್ನು ನಿಲ್ಲಿಸಿ, ಮಂತ್ರಿಗಳೂ ಸೋಲುವಂಥ ಚುನಾವಣೆ ನಡೆಸಿದ್ದು ನಿಜ. ಆದರೆ ಮಂತ್ರಿಯನ್ನು ಬದಲಾಯಿಸಬಹುದಾಗಿತ್ತೇ ಹೊರತು ನೀತಿಯನ್ನು ಬದಲಾಯಿಸುವಂತಿರಲಿಲ್ಲ. ಪಂಚಾಯಿತಿ, ಸಹಕಾರಿ, ಸಂಘ, ವಿರೋಧ ಪಕ್ಷ ಎಂಬ ನಾಲ್ಕು ಬಾಗಿಲುಗಳನ್ನೂ ಮುಚ್ಚಿದ ಮೇಲೆ ಒಳಗಿದ್ದ ಮೇಷ್ಟರಿಗೆ ಹೊರಗಿನ ಕೂಗು ಕೇಳಿಸುವುದಾದರೂ ಹೇಗೆ? ಅವರು ಲಂಚಕೋರರಾಗಿರಲಿಲ್ಲ, ಕ್ರೂರಿಯಾಗಿರಲಿಲ್ಲ. ಒಳ್ಳೆಯ ಮನುಷ್ಯರ ಕೈಯಲ್ಲಿಯೂ ಕಡಿವಾಣವಿಲ್ಲದ ಅಧಿಕಾರ ಬಡವರನ್ನೇ ಮೊದಲು ತುಳಿಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅಧ್ಯಕ್ಷ ಪದವಿ ಬಿಟ್ಟರೂ 1990ರವರೆಗೆ ಪಕ್ಷದ ಅಧ್ಯಕ್ಷತೆಯನ್ನು ಅವರು ಬಿಡಲಿಲ್ಲ. ಬಿಟ್ಟ ಆ ವರ್ಷವೇ, ಒಂದೇ ಪಕ್ಷವಿರಬೇಕೆಂಬುದು ದೇವರ ಕಟ್ಟಳೆಯಲ್ಲವೆಂಬ ಚರ್ಚೆಗೆ ಬಾಗಿಲು ತೆರೆದರು. 1992ರಲ್ಲಿ ಅನೇಕ ಪಕ್ಷಗಳಿಗೆ ಅವಕಾಶವಾಯಿತು. ಅಷ್ಟರಲ್ಲಿ ಅವರ ನಂತರದವರು 1986ರಲ್ಲಿ ಹಣಕಾಸು ನಿಧಿಯೊಡನೆ ಕೈಕುಲುಕಿದ್ದರು. 1991ರಲ್ಲಿ ಮುಖಂಡರ ಕಟ್ಟುಪಾಡನ್ನು ಸಡಿಲಿಸಿ, ಷೇರು ಬಾಡಿಗೆ ಎರಡು ಸಂಬಳಗಳಿಗೆ ದಾರಿಮಾಡಿದ್ದರು. ಉರಾಫಿಕಿ ಗಿರಣಿ 1990ರ ದಶಕದಲ್ಲಿ ಚೀನೀ ಕಂಪನಿಯೊಡನೆ ಪಾಲುಗಾರಿಕೆಗೆ ಹೋಯಿತು. ಒಳ್ಳೆಯ ಕಟ್ಟುಪಾಡು ಇಷ್ಟು ಸುಲಭವಾಗಿ ಬಿದ್ದದ್ದು ಏಕೆ? ಅದನ್ನು ಮೇಲಿನಿಂದ ಕೊಟ್ಟಿದ್ದರು. ಕಾಯಬೇಕಾದ ಸಂಘಗಳನ್ನು ಮೊದಲೇ ಬಲಹೀನಮಾಡಿದ್ದರು. ಮೇಷ್ಟರು ಕೊಟ್ಟದ್ದನ್ನು ಮೇಷ್ಟರು ಹೋದ ಮೇಲೆ ಕಿತ್ತುಕೊಂಡರು.

1999ರ ಅಕ್ಟೋಬರ್ 14ರಂದು ಅವರು ತೀರಿಕೊಂಡರು. ಆ ದಿನ ಅಲ್ಲಿ ಸರ್ಕಾರಿ ರಜೆ. ನೋಟಿನ ಮೇಲೆ ಅವರ ಚಿತ್ರ. ವಿಮಾನ ನಿಲ್ದಾಣಕ್ಕೆ ಅವರ ಹೆಸರು. 2005ರಲ್ಲಿ ಕ್ರೈಸ್ತ ಧರ್ಮಸಭೆ ಅವರನ್ನು ಸಂತರ ಸಾಲಿಗೆ ಸೇರಿಸುವ ವಿಚಾರಣೆಯನ್ನೂ ಆರಂಭಿಸಿತು. ನಮ್ಮ ದೇಶವೂ 1995ರಲ್ಲಿ ಮೊಟ್ಟಮೊದಲ ಗಾಂಧಿ ಶಾಂತಿ ಪ್ರಶಸ್ತಿಯನ್ನು ಅವರಿಗೇ ಕೊಟ್ಟಿತು. ಬಡರಾಷ್ಟ್ರಗಳ ಪರವಾಗಿ ಅವರು ನಡೆಸಿದ ದಕ್ಷಿಣ ಆಯೋಗಕ್ಕೆ ಪ್ರಧಾನ ಕಾರ್ಯದರ್ಶಿಯಾಗಿದ್ದವರು ನಮ್ಮ ಮನಮೋಹನ ಸಿಂಗರು. 1991ರಲ್ಲಿ ಅವರೇ ನಮ್ಮ ಹಣಕಾಸು ಮಂತ್ರಿಯಾಗಿ ಮಾರುಕಟ್ಟೆಗೆ ಬಾಗಿಲು ತೆರೆದರು. ಪ್ರಶಸ್ತಿ ಪ್ರತಿಮೆಗಳ ತೀರ್ಪು ಗಾಳಿ ಬೀಸಿದತ್ತ ತಿರುಗುತ್ತದೆ. ಅದನ್ನು ನಂಬಿ ಕೂರುವಂತಿಲ್ಲ.

ಹಾಗಾದರೆ ನಮ್ಮ ತೀರ್ಪೇನು? ನೈರೆರೆಯವರು ಸತ್ಯವಂತರು, ಬಡವರ ಬಂಧುಗಳು. ಅವರು ಕೊಟ್ಟ ಅಕ್ಷರ, ಒಂದು ಭಾಷೆ, ಬುಡಕಟ್ಟುಗಳ ನಡುವಿನ ಸೌಹಾರ್ದ ಇಂದಿಗೂ ಉಳಿದಿವೆ. ಜನರ ಮೇಲೆ ಅವರಿಗೆ ಪ್ರೀತಿಯಿತ್ತು. ಜನರ ಸಂಘಗಳ ಮೇಲೆ ನಂಬಿಕೆಯಿರಲಿಲ್ಲ. ಅವರ ಪತನಕ್ಕೆ ಕಾರಣ ಸಮಾಜವಾದ ಹೆಚ್ಚಾದುದೆಂದು ಧಣಿಗಳು ಹೇಳುತ್ತಾರೆ. ಕೆಲಸಗಾರನಿಗೆ ಗಿರಣಿಯಲ್ಲಿ, ರೈತನಿಗೆ ಸಹಕಾರಿಯಲ್ಲಿ, ಚಿಲ್ಲರೆ ವ್ಯಾಪಾರಿಗೆ ಸಂತೆಯಲ್ಲಿ ಮಾತಿನ ಹಕ್ಕು ಕೊಡುವ ಸಮಾಜವಾದ ಅಲ್ಲಿ ಕಡಿಮೆಯಾಯಿತೆಂದು ನಾವು ಹೇಳುತ್ತೇವೆ.

ಜಗುಲಿಯ ಮೇಲೆ ವಾದ ಮಾಡಿದ ಮಿತ್ರರಿಬ್ಬರಿಗೂ ನಮ್ಮದೊಂದು ಅರಿಕೆ. ಯಾವ ಪಕ್ಷದ ಸರ್ಕಾರವೇ ಬರಲಿ, ನಮ್ಮ ಪಕ್ಷದ್ದೇ ಬರಲಿ, ಗಿರಣಿಯ ಸಂಘದ ಚುನಾವಣೆಯನ್ನು ನೀವೇ ನಡೆಸಿಕೊಳ್ಳಿ. ವರ್ತಕರ ಸಂಘದ ಕೀಲಿಕೈಯನ್ನು ಯಾವ ಮಂತ್ರಿಯ ಕೈಗೂ ಕೊಡಬೇಡಿ. ಚಂದಾ ಸಲ್ಲಿಸಿ, ಸಭೆಗೆ ಬನ್ನಿ, ಲೆಕ್ಕ ಕೇಳಿ. ನಮ್ಮವರು ತಪ್ಪಿದರೆ ಈ ಪತ್ರಿಕೆಗೇ ಬರೆಯಿರಿ, ಅಚ್ಚುಹಾಕುತ್ತೇವೆ.